ಬೆಟಗೇರಿಯ ರೆಕ್ಕೆ

ಮಗ್ಗ ಕಿತ್ತ ಮೇಲೂ ಕುಣಿ ಹಾಗೇ ಇದೆ.
ಅರ್ಧಕ್ಕೆ ಹಲಗೆ ಹಾಸಿ, ಹಲಗೆಯ ಮೇಲೆ
ನೀಲಿ ಥರ್ಮಾಕೋಲು: ನನ್ನ ವಿಮಾನದ ಎಡಗೈ.

ಬಿಸಿಲೇರಿದರೆ ರಾಳ ಕಾಯುವುದಿಲ್ಲ;
ನಾಲ್ಕಕ್ಕೇ ಎದ್ದೆವು, ನಾನೂ ತುಳಜವ್ವನೂ.
ತೂಗಿ, ಕಲಸಿ, ಗಾಜಿನೆಳೆಯ ಬಟ್ಟೆಗೆ ಉಣಿಸಿದೆ.
ಬಿಳುಪು ಹೋಯಿತು. ನೆಂದ ಬಟ್ಟೆ
ಇದೆಯೆಂದು ಬೆರಳಿಗಷ್ಟೇ ಗೊತ್ತು.

"ಎಳೀಬ್ಯಾಡೋ ತಮ್ಮಾ, ಓರಿ ಆಕ್ಕೈತಿ."
ಸೀರೆ ನೇಯ್ದ ಕೈ, ಈಗ ರಬ್ಬರ್ ಗವಸಿನೊಳಗೆ,
ಪ್ಲಾಸ್ಟಿಕ್ ಹಾಳೆ ಸಮೇತ ತುದಿ ಹಿಡಿದು
ಹಂಚಿಗೆ ರೊಟ್ಟಿ ಹಾಕಿದಂತೆ ಮಗುಚಿತು;
ಹಾಸೂ ಹೊಕ್ಕೂ ಅಲುಗಲಿಲ್ಲ.
ಲೋಟದಲ್ಲಿ ಉಳಿದದ್ದು ಅಷ್ಟರಲ್ಲೇ ಕಾದು ಹೊಗೆಯಾಡಿತು,
ಹಿತ್ತಲ ಮರಳಿಗೆ ಸುರಿದು ಬಂದೆ.

ಮರುದಿನ ರೂಪಾಯಿ ನಾಣ್ಯದಿಂದ ತಟ್ಟುತ್ತ ಹೋದೆವು.
ಟಕ್, ಟಕ್, ಟಕ್.
ಒಂದು ಕಡೆ ಡಬ್.
ಹೆಬ್ಬೆರಳಿನಷ್ಟು ಗಾಳಿ.

"ಬಣ್ಣ ಬಳಿದರೆ ಯಾರಿಗೂ ಕಾಣದು" ಅಂದೆ.
ಮಣಿಕಟ್ಟಿನ ತುರಿಕೆ ಕೆರೆಯುತ್ತ ಅಂದಳು,
"ಸೀರಿ ಆಗಿದ್ರ ನಾನೂ ಮಡಚಿ ಮಾರ್ತಿದ್ದೆ.
ಇದರಾಗ ಕುಂಡ್ರಾಂವ ನೀನು."

ಉಪ್ಪುಕಾಗದ ಮೂಲೆಯಲ್ಲೇ ಇತ್ತು.
ಉಳಿದರ್ಧ ಕುಣಿಯೊಳಗೆ ಕಾಲು ಇಳಿಬಿಟ್ಟು,
ಅವಳ ಗಂಡ ಕೂರುತ್ತಿದ್ದ ಹಾಗೇ ಕೂತು,
ತಿಕ್ಕತೊಡಗಿದೆ.