ಮೂರು ನೆಲಮಾಳಿಗೆಗಳು

ಫ್ರಿಜ್ಜಿನ ಬಾಗಿಲಿಗೆ ಬರ್ನಡೆಟ್ ಅಂಟಿಸಿದ ಹಾಳೆಯಲ್ಲಿ
ಊರಿನ ಮೂರು ಸರಕಾರಿ ಹೈಸ್ಕೂಲು, ನಾಲ್ಕು ಕಾಲಮ್ಮು, ಚುಕ್ಕಿಯೋ ಚುಕ್ಕಿ.
ಗುಡ್ಡದ ಮೇಲಿನದಕ್ಕೆ ಒಂಬತ್ತು,
ರೈಲುಹಳಿ ಪಕ್ಕದ್ದಕ್ಕೆ ಐದು,
ನಮ್ಮ ಮಿಲ್ ಸ್ಟ್ರೀಟಿನದಕ್ಕೆ ಎರಡು,
ಅದರಲ್ಲೂ ಒಂದು ಕರುಣೆಯಿಂದ ಕೊಟ್ಟಂತಿದೆ.

ನನ್ನನ್ನು ಯಾರೂ ಕೇಳಲಿಲ್ಲ.
ಪೆನ್ಸಿಲ್ವೇನಿಯಾದ ಹತ್ತೊಂಬತ್ತು ಚಳಿಗಾಲ
ಈ ಮೂರರ ಬಾಯ್ಲರುಗಳ ಹೊಟ್ಟೆಗೆ ಕೈ ಹಾಕಿದವನು ನಾನು.
ಶಾಲೆಗಳನ್ನು ಬುಡದಿಂದ ಬಲ್ಲೆ,
ಹಲ್ಲಿನ ಡಾಕ್ಟರು ಊರವರನ್ನು ಬಲ್ಲ ಹಾಗೆ:
ನಗು ಬೇರೆ, ಬೇರು ಬೇರೆ.

ಗುಡ್ಡದ ಶಾಲೆಯ ನೆಲಮಾಳಿಗೆಯಲ್ಲಿ
ಊಟಕ್ಕೆ ಕೂರಬಹುದು, ಅಷ್ಟು ಚೊಕ್ಕಟ.
ಬಾಯ್ಲರಿಗೆ ಟಿವಿಯಂಥ ಮುಖ,
ಜ್ವರ ಬಂದರೆ ತಾನೇ ಹೇಳುತ್ತದೆ.
ಹೋದಾಗಲೆಲ್ಲ ಎದೆಗೆ ಬಿಲ್ಲೆ ಅಂಟಿಸುತ್ತಾರೆ: ಸಂದರ್ಶಕ.
ಹತ್ತೊಂಬತ್ತು ವರ್ಷದಿಂದ ಸಂದರ್ಶಕ.
ಆದರೆ ಸುಳ್ಳು ಹೇಳಬಾರದು. ಮೇಲೆ ಕೆಮಿಸ್ಟ್ರಿ ಲ್ಯಾಬಿನಲ್ಲಿ
ಹನ್ನೆರಡು ನಲ್ಲಿ, ಹನ್ನೆರಡರಲ್ಲೂ ನೀರು.
ಒಬ್ಬ ಹುಡುಗಿ, ಕೋರಾಳಷ್ಟೇ ಎತ್ತರ,
ಸೀಸೆಯೊಳಗಿನ ಗುಲಾಬಿ ಬಣ್ಣವನ್ನು
ಹನಿ ಹನಿಯಾಗಿ ಇಲ್ಲವಾಗಿಸುತ್ತಿದ್ದಳು.
ವ್ರೆಂಚು ಹಿಡಿದು ಬಾಗಿಲಲ್ಲಿ ನಿಂತೇ ಬಿಟ್ಟೆ,
ನನ್ನ ಬಿಲ್ಲು ಗಂಟೆ ಲೆಕ್ಕದ್ದೆಂಬುದೂ ಮರೆತು.

ಹಳಿ ಪಕ್ಕದ್ದರ ಬಗ್ಗೆ ಹೇಳುವುದು ಹೆಚ್ಚಿಲ್ಲ.
ಗೂಡ್ಸು ಬಂದರೆ ಟೀಚರು ಮಾತು ನಿಲ್ಲಿಸುತ್ತಾರೆ,
ತೊಂಬತ್ತು ಡಬ್ಬಿ ಕಳೆದ ಮೇಲೆ
ಬಿಟ್ಟ ಪದದಿಂದಲೇ ಶುರು ಮಾಡುತ್ತಾರೆ.
ಐದು ಸರಿಯೇ.

ಮಿಲ್ ಸ್ಟ್ರೀಟಿನದು ನನಗಿಂತ ಹಿರಿಯದು.
ಉಕ್ಕಿನ ಕಾರ್ಖಾನೆ ಉರಿಯುತ್ತಿದ್ದ ಕಾಲದ ಬಾಯ್ಲರು;
ಕಾರ್ಖಾನೆ ಆರಿತು, ಇದು ಇನ್ನೂ ಕೆಮ್ಮುತ್ತಿದೆ.
ಅದರ ಭಾಷೆ ಬಲ್ಲವರು ಇಬ್ಬರೇ: ನಾನು,
ಮತ್ತೆ ಕಟ್ಟಡ ನೋಡಿಕೊಳ್ಳುವ ಅರ್ನೆಟಾ ಪ್ರೂಯಿಟ್.
ಹೋದ ಜನವರಿಯಲ್ಲಿ ಅದು ಪೂರ್ತಿ ಸತ್ತ ದಿನ
ಇನ್ನೂರು ಮಕ್ಕಳು ಕೋಟು ತೊಟ್ಟೇ ಜಿಮ್ಮಿನಲ್ಲಿ.
ಗಣಿತದವರು ಬಾಸ್ಕೆಟ್‌ಬಾಲ್ ಗೆರೆಗಳ ನಡುವೆ
ನೆಲದ ಮೇಲೇ ಸೀಮೆಸುಣ್ಣದಲ್ಲಿ ಪ್ಯಾರಾಬೋಲ ಎಳೆದರಂತೆ.
ಎರಡೂವರೆಗೆ ಹಬೆ ಹತ್ತಿ
ಮೊದಲ ರೇಡಿಯೇಟರು ಟಣ್ ಎಂದಾಗ
ಮೇಲಿನಿಂದ ಚಪ್ಪಾಳೆ.
ನೆಲಮಾಳಿಗೆಗೆ ಚಪ್ಪಾಳೆ ಇಳಿದು ಬಂದದ್ದು ಅದೊಂದೇ ಸಲ.
ಆದರೂ ಕೇಳಿ: ಚಪ್ಪಾಳೆ ತಟ್ಟಿದ ಆ ಕೈಗಳು
ಆರು ಗಂಟೆ ಕಾಲ ಪೆನ್ನು ಹಿಡಿದಿರಲಿಲ್ಲ.
ಅದನ್ನೂ ಹಾಳೆಯಲ್ಲಿ ಬರೆಯಬೇಕಾದೀತು.

ಗೆರೆ ಹೋಗುವುದು ನಮ್ಮ ಬೀದಿಯ ನಟ್ಟನಡುವೆ.
ಹಳದಿಯದು ಕಾರುಗಳಿಗೆ, ಕಾಣದ್ದು ಮಕ್ಕಳಿಗೆ.
ಎದುರುಮನೆಯ ನಾಯಿ ಕೂಡ ಗುಡ್ಡದ ಶಾಲೆಗೆ ಅರ್ಹ.
ನಾವು ಈಚೆ.
"ನನ್ನ ತಂಗಿಯ ವಿಳಾಸ ಕೊಡೋಣ," ಎಂದಳು ಬರ್ನಡೆಟ್,
"ಎಲ್ಲರೂ ಮಾಡುತ್ತಾರೆ."
ಎಲ್ಲರೂ ಮಾಡುವುದಿಲ್ಲ. ಮಾಡಿದವರ ಮನೆ ಮುಂದೆ
ಬೆಳಗಿನ ಆರಕ್ಕೆ ಶಾಲಾಮಂಡಳಿಯ ಬೂದು ಕಾರು ನಿಂತು
ಯಾರ ಮಗು ಯಾವ ಬಾಗಿಲಿಂದ ಬಂತೆಂದು ಬರೆದುಕೊಳ್ಳುತ್ತದೆ.
ನಾನು ಬೇಡ ಅನ್ನಲಿಲ್ಲ.
ಆ ಗುಲಾಬಿ ಬಣ್ಣ ಕಣ್ಣಲ್ಲಿತ್ತು.

ಕೋರಾ ಈಗ ರಾತ್ರಿ ಹಲ್ಲುಜ್ಜುತ್ತ ಬಾಯಿಪಾಠ ಮಾಡುತ್ತಾಳೆ:
"ನಲವತ್ತೊಂದು, ಲಿಂಡನ್ ರಸ್ತೆ. ನಲವತ್ತೊಂದು."
ಮಗ್ಗಿಯಂತೆ. ಕನ್ನಡಿಗೆ.
ಶಾಲೆ ಇನ್ನೂ ತೆರೆದಿಲ್ಲ, ಮೊದಲ ಪಾಠ ನಡೆದಿದೆ.
ನಿನ್ನೆ ಬಾಯಿ ತಪ್ಪಿ ನಮ್ಮ ಮನೆಯ ನಂಬರೇ ಬಂತು.
ಉಗಿದು, ಮುಕ್ಕಳಿಸಿ, ಮತ್ತೆ ಶುರು ಮಾಡಿದಳು.

ಸೋಮವಾರ ಮಿಲ್ ಸ್ಟ್ರೀಟಿನಲ್ಲಿ ವಾಲ್ವು ಬಿಗಿಯುತ್ತಿದ್ದೆ.
ಅರ್ನೆಟಾ ಟಾರ್ಚು ಹಿಡಿದು ನಿಂತಿದ್ದಳು.
"ನಿನ್ನ ಹುಡುಗಿ ಬರುವ ವರ್ಷ ಹೈಸ್ಕೂಲಲ್ಲವೆ?
ಇಲ್ಲಿಗೇ ತಾನೆ? ಬೆಚ್ಚಗಿನ ಬೆಂಚು ಯಾವುದೆಂದು
ನಾನು ತೋರಿಸಿಕೊಡುತ್ತೇನೆ."
ಬಿಗಿಯುತ್ತಿದ್ದುದನ್ನು ಕಾಲು ಸುತ್ತು ಸಡಿಲಿಸಿದೆ.
ಹಬೆ ಬುಸ್ಸೆಂದಿತು.
"ಏನಂದೆ?" ಎಂದೆ. "ಕೇಳಿಸಲಿಲ್ಲ."

ಟಾರ್ಚಿನ ಬೆಳಕು
ನನ್ನ ಕೈ ಮೇಲೆಯೇ ಇತ್ತು.