ಬೆನ್ನಿಗೆ ಬೆಲೆ

"ನಾಲ್ಕು ಮೀಟರ್ ಬೇಕು, ನೆಝಿಹೆ ಅಮ್ಮ,
ಕಂದು ಬಣ್ಣದ್ದು. ಕೆಂಪು ಬೇಡ,
ಕ್ಯಾಮೆರಾದ ಕಣ್ಣಿಗೆ ಕೆಂಪು ಚುಚ್ಚುತ್ತದೆ" ಎಂದಳು
ಸೆಟ್ಟಿನ ಹುಡುಗಿ ಬೆರ್ಫಿನ್,
ದರ್ಜಿಯ ಹಾಗೆ ಕೊರಳಲ್ಲಿ ಟೇಪು.

ಕಾದಿಕೊಯ್‌ನ ಈ ನೆಲಮಾಳಿಗೆಯಲ್ಲಿ
ಮೂವತ್ತೊಂದು ವರ್ಷ ಪುಸ್ತಕ ಮಾರಿದ್ದೇನೆ.
ತೂಕಕ್ಕೆ ಕೊಟ್ಟಿದ್ದೇನೆ, ಕಡ ಕೊಟ್ಟಿದ್ದೇನೆ,
ಬುಟ್ಟಿ ಅಂಜೂರಕ್ಕೆ ಒಮ್ಮೆ ನಿಘಂಟನ್ನೇ ಕೊಟ್ಟಿದ್ದೇನೆ.
ಬಟ್ಟೆಯ ಹಾಗೆ ಅಳೆದು ಕೊಟ್ಟದ್ದು ಇದೇ ಮೊದಲು.

ಒಳಗೇನು ಬರೆದಿದೆ ಎಂದು ಅವಳು ಕೇಳಲಿಲ್ಲ.
ದಂತವೈದ್ಯದ ಕೈಪಿಡಿ, ರೈಲ್ವೆ ಕಾನೂನು, ಜೇನು ಸಾಕಣೆ,
ಯಾರೋ ಪಾಷಾನ ಆತ್ಮಕಥೆ, ಎರಡನೇ ಸಂಪುಟ ಮಾತ್ರ.
ಕಂದು ಬೆನ್ನಿದ್ದವರೆಲ್ಲ ಬಂಧುಗಳು.
ಆದರೂ ಒಂದು ಗೇಣು ಸಾಲಲಿಲ್ಲ.
ಅಟ್ಟದ ಹಲಗೆಯಿಂದ ಶಾಕಿರನನ್ನು ಇಳಿಸಿದೆ.

ನನ್ನ ಗಂಡ. ಪದ್ಯ ಬರೆಯುತ್ತಿದ್ದ.
ಮುನ್ನೂರು ಪ್ರತಿ ಅಚ್ಚು ಹಾಕಿಸಿದ್ದ, ಹನ್ನೊಂದು ಹೋದವು,
ಅದರಲ್ಲಿ ಮೂರು, ಬೇರೆ ಬೇರೆ ಹೆಸರಿನಲ್ಲಿ, ನಾನೇ ಕೊಂಡದ್ದು.
ಅವನಿಗದು ಗೊತ್ತಿರಲಿಲ್ಲ. ಗೊತ್ತಿತ್ತೋ ಏನೋ.
ಮಿಕ್ಕವನ್ನು ನೆಲಮಾಳಿಗೆಗೆ ನುಗ್ಗಿದ ನೀರು ಓದಿತು.
ಉಳಿದದ್ದು ಹದಿನಾರು,
ಸರಿಯಾಗಿ ಒಂದು ಗೇಣು.

ಗುರುವಾರ ರಾತ್ರಿ ಎಂಟಕ್ಕೆ
ಊರಿಗೆ ಊರೇ ಕಾಯುವ ಧಾರಾವಾಹಿ.
ನಾಯಕಿ ಅಳುತ್ತಾಳೆ, ಮಾವ ಗುಡುಗುತ್ತಾನೆ,
ನನಗೆ ಇಬ್ಬರೂ ಕಾಣರು.
ಮಾವನ ಎಡಗಿವಿಯ ಹಿಂದೆ, ಜೇನು ಸಾಕಣೆಯ ಪಕ್ಕ,
ಅಕೋ, ಶಾಕಿರ!
ಕೋಟಿ ಜನರೆದುರು ನಿಂತಿದ್ದಾನೆ,
ಎಂದಿನ ಹಾಗೆ ಗೋಡೆಗೆ ಮುಖ ಮಾಡಿ.
ಪಕ್ಕದ ಮನೆಯ ಪೆರಿಹಾನ್‌ಗೆ ಫೋನು ಮಾಡಿದೆ.
"ಅಡ್ಡ ಬರಬೇಡವೇ, ಈಗ ಅವಳು ವಿಷ ಕುಡಿಯುತ್ತಾಳೆ"
ಎಂದು ಇಟ್ಟೇಬಿಟ್ಟಳು.

ಬೇಸಿಗೆಗೆ ಬೆರ್ಫಿನ್ ಮತ್ತೆ ಬಂದಳು.
ಕೊರಳಲ್ಲಿ ಟೇಪಿಲ್ಲ, ಕೈಯಲ್ಲಿ ಎರಡು ಗೋಣಿಚೀಲ.
ಕಣ್ಣೆತ್ತದೆ ಹೇಳಿದಳು:
ಸೆಟ್ಟಿನ ಗೋಡೆ ಬರಿಯ ಪ್ಲೈವುಡ್ಡು,
ಕಪಾಟಿನ ಆಳ ನಾಲ್ಕೇ ಬೆರಳು.
ಹಿಡಿಸಲಿಲ್ಲ. ಬಡಗಿ ಗರಗಸ ಹಾಕಿದ.
ಬೆನ್ನುಗಳು ಅಲ್ಲೇ ಇವೆ, ಅಂಟಿಸಿದ್ದಾರೆ.
ಹೊಟ್ಟೆ ತಂದಿದ್ದೇನೆ. ಎಸೆಯಲು ಕೈ ಬರಲಿಲ್ಲ.

ನಾಲ್ಕು ಮೀಟರಿನ ದುಡ್ಡು ಎಣಿಸಿಕೊಂಡವಳು ನಾನು,
ಬಡಗಿಯನ್ನು ಯಾವ ಬಾಯಲ್ಲಿ ಬೈಯಲಿ?

ಚೀಲ ಸುರಿದೆವು. ಮರದ ಹೊಟ್ಟಿನ ಜೊತೆ
ಎಲ್ಲ ಕಲಸಿಹೋಗಿತ್ತು:
ಹಲ್ಲಿನ ಬೇರಿಗೆ ಜೇನು ಕಟ್ಟಿತ್ತು,
ಪಾಷಾನಿಗೆ ರೈಲು ತಪ್ಪಿತ್ತು.
ಶಾಕಿರನ ಸಾಲುಗಳಿಗೆ
ಬಲಪುಟದಲ್ಲಿ ತಲೆಯಿಲ್ಲ, ಎಡಪುಟದಲ್ಲಿ ಬಾಲವಿಲ್ಲ.
ಬೆರ್ಫಿನ್ ಒಂದನ್ನೆತ್ತಿ ಓದಿದಳು:
ನೀನು ಛತ್ರಿ ಮಡಚಿ ಇಟ್ಟ ಮೇಲೆ
ಅಷ್ಟೇ ಇತ್ತು.
"ಆಮೇಲೆ?" ಎಂದಳು.

ಅವನು ಬರೆದ ಅಷ್ಟೂ ವರ್ಷದಲ್ಲಿ
ಆಮೇಲೆ ಎಂದು ಕೇಳಿದವಳು ಇವಳೊಬ್ಬಳೇ.
ನನಗೆ ಬಾಯಿಪಾಠ. ಹೇಳಬಹುದಿತ್ತು.
ಹೇಳದೆ,
ಬೆಲೆ ಬರೆಯುವ ಪೆನ್ಸಿಲನ್ನು ಅವಳ ಕೈಗಿಟ್ಟೆ.

ಈಗ ಶನಿವಾರ ಆರೇಳು ಜನ ಬರುತ್ತಾರೆ.
ಕಾಮಿಕ್ಸ್ ಬಿಡಿಸುವವಳೊಬ್ಬಳು,
ಧಾರಾವಾಹಿಯಲ್ಲಿ ಸತ್ತವಳನ್ನು
ಫೋನಿನಲ್ಲಿ ಕಥೆ ಕಟ್ಟಿ ಬದುಕಿಸುವ ಓಝಾನ್,
ಮಾತೇ ಆಡದೆ ಬಿಸ್ಕತ್ತು ಮುಗಿಸುವ ಇನ್ನೊಬ್ಬ.
ತುಂಡು ಹಾಳೆಯನ್ನು ಬಿಳಿ ಹಾಳೆಗೆ ಅಂಟಿಸಿ
ಇಲ್ಲದ್ದನ್ನು ಬರೆಯುತ್ತಾರೆ.
ಶಾಕಿರ ಕಂಡಿದ್ದರೆ ಮುಕ್ಕಾಲನ್ನು ಹರಿದೆಸೆಯುತ್ತಿದ್ದ.
ಎಷ್ಟೋ ನಿಜಕ್ಕೂ ಕೆಟ್ಟದಾಗಿವೆ.
ಒಂದು ಮಾತ್ರ ಅವನದಕ್ಕಿಂತ ಚೆನ್ನಾಗಿತ್ತು,
ಅದನ್ನು ಯಾರಿಗೂ ಹೇಳಿಲ್ಲ.

ನಿನ್ನೆ ಸೆಟ್ಟಿನಿಂದ ಹೊಸಬನೊಬ್ಬನ ಫೋನು:
ಮಾವನಿಗೆ ಹೊಸ ಬಂಗಲೆ, ಆರು ಮೀಟರ್ ಬೇಕು, ನೀಲಿ.
"ನೀಲಿ ಇಲ್ಲವಲ್ಲಪ್ಪ" ಎಂದೆ.
ನೀಲಿ ತುಂಬಿದ ಗೋಡೆಗೆ ಒರಗಿ ಕೂತ ಬೆರ್ಫಿನ್
ನಗು ತಡೆಯಲಾರದೆ
ಟೀ ಚೆಲ್ಲಿಕೊಂಡಳು.