ಬೆರಳಚ್ಚು

ಶಿಡ್ಲಘಟ್ಟದ ಕೋರ್ಟಿನ ಮುಂದೆ, ಹೊಂಗೆಯ ಕೆಳಗೆ
ನನ್ನದೊಂದು ಮೇಜು, ಹಳೇ ಟೈಪ್ ಮಿಷನ್ನು.
‘ಳ’ ಅಕ್ಷರದ ಕಡ್ಡಿ ಬಾಗಿ ಹತ್ತು ವರ್ಷ:
ಅರ್ಜಿದಾರಳು ಅಂತ ಹೊಡೆದಾಗೆಲ್ಲ
ಹೆಂಗಸು ಸಾಲಿನಿಂದ ಒಂಚೂರು ಕೆಳಗೆ ಜಾರುತ್ತಾಳೆ.
ಪುಟಕ್ಕೆ ಮೂವತ್ತು.

ಬೇಬಿಜಾನ್ ಬಂದದ್ದು
ಗೂಡಿನ ಮಾರುಕಟ್ಟೆ ಕರಗುವ ಹೊತ್ತಿಗೆ.
ಸೆರಗಿನ ಗಂಟು ಬಿಚ್ಚಿ ಎಣಿಸಿದಳು,
ಎರಡು ಹತ್ತು, ಒಂದು ಐದು, ಮಿಕ್ಕದ್ದು ಚಿಲ್ಲರೆ.
"ವಕೀಲರು ಐದು ಸಾವಿರ ಅಂದ್ರು.
ಅಷ್ಟಿದ್ದಿದ್ರೆ ಆ ಸಾಹುಕಾರನ್ನ
ಎಂಟು ತಿಂಗಳ ಕೂಲಿ ಯಾಕೆ ಕೇಳ್ತಿದ್ದೆ?
ನೀವೇ ಒಂದು ಜೋರು ಅರ್ಜಿ ಹೊಡೆದುಕೊಡಿ."

ಹೊಡೆಯಬಹುದಿತ್ತು.
ಎರಡು ಪುಟ, ಅರವತ್ತು; ಕಡ ಹೇಳಿದರೂ ಅರವತ್ತೇ.
ಬೆಳಗಿಂದ ಬೋಣಿ ಆಗಿರಲಿಲ್ಲ.
ಕಾಗದ ತೂರಿಸಿದೆ, ರಿಬ್ಬನ್ನು ಬಿಗಿಮಾಡಿದೆ,
ಆಮೇಲೆ ಯಾಕೋ ಕಾಗದ ಹೊರಗೆಳೆದೆ.

"ಒಳಗೆ ಹೋಗಮ್ಮ. ನಲ್ಲಿ ದಾಟಿದ ಮೇಲೆ ಮೂರನೇ ಬಾಗಿಲು,
ಕಾನೂನು ಸೇವಾ ಸಮಿತಿ.
ಹೆಂಗಸರಿಗೆ ಆದಾಯ ಎಷ್ಟು ಅಂತಲೂ ಕೇಳಲ್ಲ,
ವಕೀಲರನ್ನ ಅವರೇ ಕೊಡ್ತಾರೆ."
ನನ್ನನ್ನೇ ದಿಟ್ಟಿಸಿದಳು:
"ಪುಕ್ಕಟೆ ವಕೀಲ ಪುಕ್ಕಟೆ ಮಾತಾಡಿ ಹೋದರೆ?"
ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.
ಕಾಗದಗಳ ಮೇಲೆ ಕಲ್ಲಿಟ್ಟು, ಅವಳ ಮುಂದೆ ನಡೆದೆ.

ಲಾಯರಮ್ಮನಿಗೆ ಚಿಕ್ಕ ವಯಸ್ಸು.
ಅರ್ಧ ಉಂಡ ಡಬ್ಬಿ ಮುಚ್ಚಿಟ್ಟು ಬರೆದುಕೊಂಡರು:
ಎಷ್ಟು ಬೇಸಿನ್ನು, ಎಷ್ಟು ಗಂಟೆ,
ಈಸಿಕೊಳ್ಳದ ಮುಂಗಡ ಪುಸ್ತಕದಲ್ಲಿ ಬರೆದ ಕೈ ಯಾವುದು.
ಇಷ್ಟು ಪ್ರಶ್ನೆ ಅವಳನ್ನು ಯಾರೂ ಕೇಳಿರಲಿಕ್ಕಿಲ್ಲ.
ಕುರ್ಚಿಯ ತುದಿಯಲ್ಲಿದ್ದವಳು
ನಿಧಾನಕ್ಕೆ ಹಿಂದೆ ಸರಿದು, ಒರಗಿ ಕೂತಳು.

ಕೊನೆಗೆ ಹೆಬ್ಬೆಟ್ಟು.
ಒತ್ತಿದರೆ ನೇರಳೆಯ ಒಂದು ಮಚ್ಚೆ, ಗೆರೆಯೇ ಇಲ್ಲ.
ಇನ್ನೊಮ್ಮೆ. ಎಡದ್ದು ಬಿಟ್ಟು ಬಲದ್ದು. ಅದೂ ಹಾಗೇ.
ಹದಿನಾರು ವರ್ಷ ಕುದಿನೀರಲ್ಲಿ ಎಳೆ ಹುಡುಕಿದ ಬೆರಳು
ತನ್ನ ಎಳೆಗಳನ್ನೂ ರೇಷ್ಮೆಯ ಜೊತೆ ಸುತ್ತಿಕೊಟ್ಟಿದೆ.
"ರೇಷನ್ ಅಂಗಡೀಲೂ ಹಿಂಗೇ," ಅಂದಳು,
ತಪ್ಪು ತನ್ನದೇ ಅನ್ನುವ ಹಾಗೆ.

ಲಾಯರಮ್ಮ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.
"ಇದೂ ಇರಲಿ ಫೈಲಲ್ಲಿ.
ಗುರುತಿಸೋರು ಯಾರು?"
ಅರ್ಧ ಗಂಟೆಯ ಪರಿಚಯ. ರುಜು ಹಾಕಿದೆ:
ಬಿ. ಪಿಳ್ಳಣ್ಣ, ಬೆರಳಚ್ಚುಗಾರ.

ವಾಯಿದೆ ಮುಂದಿನ ತಿಂಗಳು ಹನ್ನೊಂದಕ್ಕೆ.
ಕೂಲಿ ಬರುತ್ತದೋ ಇಲ್ಲವೋ, ಹೊಂಗೆಗೂ ಗೊತ್ತಿಲ್ಲ.
ಹೋಗುವಾಗ ಮೇಜಿನ ಕಲ್ಲಿನ ಕೆಳಗೆ
ಐದರ ನೋಟು ಸಿಕ್ಕಿಸಿದಳು.
ಬೇಡ ಅನ್ನಲು ಬಾಯಿ ತೆರೆದೆ.
"ಬೋಣಿ," ಅಂದಳು.